ಗಾಯರಾಣದಲ್ಲಿ ಗುಂಡಿ ತೋಡುವ ಮುನ್ನ ಹುಲ್ಲನ್ನು ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಕೆಲವು ಹಳ್ಳಿಗಳ ಗಾಯರಾಣದಲ್ಲಿ, ಅಂದರೆ ದನ ಕುರಿ ಮೇಯುವ ಊರ ಗೋಮಾಳದಲ್ಲಿ, ಈ ಮುಂಗಾರಿಗೆ ಸಸಿ ನೆಡುವ ಕೆಲಸ ಆರಂಭವಾಗಲಿದೆ ಎಂದೂ, ಅದರಿಂದ ‘ಏನೂ ಬೆಳೆಯದ ಬಂಜರು ನೆಲ’ ಹಸಿರಾಗುತ್ತದೆ ಎಂದೂ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದ ವರದಿಯನ್ನು ಓದಿದೆ. ಗಿಡ ನೆಡುವವರ ಉತ್ಸಾಹದ ಬಗ್ಗೆ ನನಗೆ ಗೌರವವಿದೆ. ಆದರೆ ‘ಏನೂ ಬೆಳೆಯದ’ ಎಂಬ ಮಾತನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ಮೂವತ್ತು ವರ್ಷ ಸಸ್ಯಶಾಸ್ತ್ರದ ಪಾಠ ಹೇಳಿದವನು ನಾನು. ಅದಕ್ಕೂ ಮೊದಲು ಚಿಂಚೋಳಿ ಕಡೆಯ ಕೆಂಪು ಮಡ್ಡಿಯ (ಕಲ್ಲು ನೆಲದ ದಿಣ್ಣೆಯ) ಮೇಲೆ ದನ ಕಾಯ್ದು ಬೆಳೆದವನು. ಆ ಮಡ್ಡಿಯ ಮೇಲೆ ಹುಲ್ಲು ಬೆಳೆಯುತ್ತದೆ. ನಮ್ಮ ಬಿಸಿಲಿನಲ್ಲಿ, ನಮ್ಮಲ್ಲಿ ಬೀಳುವಷ್ಟು ಮಳೆಯಲ್ಲಿ, ನೀರನ್ನು ಹೇಗೆ ಹಿಡಿದು ಖರ್ಚು ಮಾಡಬೇಕೆಂಬುದು ಆ ಹುಲ್ಲಿಗೆ ತಿಳಿದಷ್ಟು ನಾವು ಅಲ್ಲಿ ಹಚ್ಚಹೊರಟಿರುವ ಸಸಿಗಳಲ್ಲಿ ಬಹುಪಾಲಿಗೆ ತಿಳಿದಿಲ್ಲ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿರುವುದರಿಂದ ಪತ್ರ ಉದ್ದವಾಗಿದೆ. ಸ್ಥಳ ಮಾಡಿಕೊಡಬೇಕೆಂದು ಕೋರುತ್ತೇನೆ.

ಯಾವ ಸಸ್ಯಕ್ಕಾದರೂ ಹಗಲು ಹೊತ್ತು ಒಂದು ಇಕ್ಕಟ್ಟು ತಪ್ಪಿದ್ದಲ್ಲ. ಅನ್ನ ತಯಾರಿಸಬೇಕೆಂದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಲೆಯ ಒಳಗೆ ಬರಬೇಕು. ಅದು ಒಳಗೆ ಬರಲು ಎಲೆಯ ಮೇಲಿನ ಪತ್ರರಂಧ್ರಗಳು ತೆರೆದಿರಬೇಕು. ರಂಧ್ರ ತೆರೆದ ಕೂಡಲೇ ಒಳಗಿನ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಈ ಇಂಗಾಲದ ಅನಿಲ ಇರುವುದು ನಾಲ್ಕು ಪಾಲಿಗಿಂತ ತುಸು ಹೆಚ್ಚು ಮಾತ್ರ. ಎಲೆಯ ಒಳಗಾದರೋ ಗಾಳಿಯೆಲ್ಲ ತೇವದಿಂದ ತುಂಬಿರುತ್ತದೆ. ಹೀಗಾಗಿ ಒಂದು ಅಣು ಇಂಗಾಲದ ಡೈಆಕ್ಸೈಡ್ ಒಳಗೆ ಬರುವಷ್ಟರಲ್ಲಿ ನೂರಾರು ಅಣು ನೀರು ಹೊರಗೆ ಹೋಗಿರುತ್ತದೆ. ಬೇರು ಎಳೆದುಕೊಂಡ ನೀರಿನಲ್ಲಿ ನೂರಕ್ಕೆ 95 ಪಾಲಿಗೂ ಹೆಚ್ಚು ಹೀಗೆ ಆವಿಯಾಗಿಯೇ ಕಳೆದುಹೋಗುತ್ತದೆ. ಗಿಡದ ಮೈಯಾಗಿ ಉಳಿಯುವುದು ಅತ್ಯಲ್ಪ. ಬಾಗಿಲು ಮುಚ್ಚಿದರೆ ಹಸಿವು, ತೆರೆದರೆ ನೀರಡಿಕೆ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಮಳೆಗಾಲದ ನಡುವೆಯೇ ಮೂರು ಮೂರು ವಾರ ಮೋಡ ಮುಖ ತೋರಿಸದ ಯಾದಗಿರಿಯಲ್ಲಿ, ಈ ಇಕ್ಕಟ್ಟನ್ನು ಯಾವ ಸಸ್ಯ ಹೇಗೆ ನಿಭಾಯಿಸುತ್ತದೆ ಎಂಬುದರ ಮೇಲೆಯೇ ಅದು ಉಳಿಯುವುದೂ ಒಣಗುವುದೂ ನಿಂತಿದೆ.

ಹುಲ್ಲಿನ ಜಾತಿ ಇದಕ್ಕೆ ಮೂರು ಉಪಾಯಗಳನ್ನು ಕಂಡುಕೊಂಡಿದೆ. ಮೊದಲನೆಯದು ಬಾಗಿಲಿನ ರಚನೆಯಲ್ಲಿಯೇ ಇದೆ. ಪಾಠ ಹೇಳುತ್ತಿದ್ದ ಕಾಲದಲ್ಲಿ ಪ್ರತಿ ವರ್ಷವೂ ವಿದ್ಯಾರ್ಥಿಗಳಿಂದ ಒಂದು ಸಣ್ಣ ಪ್ರಯೋಗ ಮಾಡಿಸುತ್ತಿದ್ದೆ. ಜೋಳದ ಎಲೆಯ ಕೆಳಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳಿದು, ಅದು ಒಣಗಿದ ಮೇಲೆ ಸೆಲ್ಲೋಟೇಪ್ ಅಂಟಿಸಿ ಮೆಲ್ಲಗೆ ಕಿತ್ತು, ಗಾಜಿನ ಪಟ್ಟಿಗೆ ಒತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಲೆಯ ಮೈಯ ಅಚ್ಚು ಹಾಗೆಯೇ ಕಾಣುತ್ತದೆ. ಪಕ್ಕದಲ್ಲಿ ತೊಗರಿ ಎಲೆಯ ಅಚ್ಚನ್ನೂ ಇಡಿಸುತ್ತಿದ್ದೆ. ತೊಗರಿಯಲ್ಲಿ ರಂಧ್ರಗಳು ಕೈಯಿಂದ ಚೆಲ್ಲಿ ಬಿತ್ತಿದ ಕಾಳಿನಂತೆ ಅಲ್ಲಲ್ಲಿ ಹರಡಿಕೊಂಡಿರುತ್ತವೆ. ಜೋಳದಲ್ಲಿ ಕೂರಿಗೆಯಿಂದ ಬಿತ್ತಿದಂತೆ ನೆಟ್ಟಗೆ ಸಾಲು ಹಿಡಿದಿರುತ್ತವೆ. ತೊಗರಿಯ ಪ್ರತಿ ರಂಧ್ರದ ಎರಡೂ ಬದಿಗೆ ಅಲಸಂದಿ ಕಾಳಿನ ಆಕಾರದ ಎರಡು ಕಾವಲು ಕೋಶಗಳು. ಜೋಳದಲ್ಲಿ ಆ ಕಾವಲು ಕೋಶಗಳು ಡಮರುಗವನ್ನು ಹಿಡಿದು ಉದ್ದಕ್ಕೆ ಎಳೆದಂತೆ, ಎರಡು ತುದಿ ಉಬ್ಬಿ ನಡು ಸಣ್ಣಗಾಗಿ ಇರುತ್ತವೆ. ಅವುಗಳ ಹೊರಬದಿಗೆ ಒಂದೊಂದು ಸಹಾಯಕ ಕೋಶ ಒತ್ತಿಕೊಂಡು ನಿಂತಿರುತ್ತದೆ. ಈ ಆಕಾರ ಹುಲ್ಲಿನ ಕುಟುಂಬದ ಗುರುತು.

ಈ ಆಕಾರದಿಂದ ಏನು ಲಾಭ ಎಂದು ಮಕ್ಕಳು ಕೇಳುತ್ತಿದ್ದರು. ಕಾವಲು ಕೋಶದ ಒಳಗೆ ಪೊಟ್ಯಾಶಿಯಂ ಲವಣಾಂಶ ಸೇರಿದರೆ ಅದರ ಹಿಂದೆಯೇ ನೀರೂ ಸೇರಿ ಕೋಶ ಉಬ್ಬುತ್ತದೆ, ರಂಧ್ರ ತೆರೆಯುತ್ತದೆ. ಲವಣ ಹೊರಗೆ ಹೋದರೆ ಕೋಶ ಕುಗ್ಗಿ ರಂಧ್ರ ಮುಚ್ಚುತ್ತದೆ. ಅಲಸಂದಿ ಆಕಾರದ ಕೋಶವನ್ನು ಬಾಗಿಸಲು ಅದರ ಮೈಯೆಲ್ಲ ಉಬ್ಬಬೇಕು. ಡಮರುಗದ ಆಕಾರದಲ್ಲಿ ಎರಡು ತುದಿ ತುಸು ಉಬ್ಬಿದರೆ ಸಾಕು, ಬಿಗಿಯಾದ ನಡುಭಾಗಗಳು ತಾವಾಗಿಯೇ ಒಂದರಿಂದ ಒಂದು ದೂರ ಸರಿಯುತ್ತವೆ. ಬೇಕಾದ ಲವಣವೂ ದೂರದಿಂದ ಬರಬೇಕಿಲ್ಲ. ಪಕ್ಕದ ಸಹಾಯಕ ಕೋಶ ಅದನ್ನು ಕೊಡುತ್ತದೆ, ಮುಚ್ಚುವ ಹೊತ್ತಿಗೆ ವಾಪಸು ಪಡೆಯುತ್ತದೆ, ಕೊಟ್ಟ ಕೂಡಲೇ ತಾನು ಕುಗ್ಗಿ ಕಾವಲು ಕೋಶಕ್ಕೆ ಉಬ್ಬಲು ಜಾಗವನ್ನೂ ಮಾಡಿಕೊಡುತ್ತದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬ್ರಾಕಿಪೋಡಿಯಂ ಎಂಬ ಪುಟ್ಟ ಹುಲ್ಲಿನಲ್ಲಿ ಈ ಸಹಾಯಕ ಕೋಶಗಳೇ ಮೂಡದಂಥ ತಳಿಯನ್ನು ಪರೀಕ್ಷಿಸಿದಾಗ, ಅದರ ರಂಧ್ರಗಳು ತೆರೆಯುವುದೂ ಮುಚ್ಚುವುದೂ ನಿಧಾನವಾಗಿ, ಪೂರ್ತಿ ತೆರೆಯಲೂ ಆಗದೆ, ಸಸಿಯ ಬೆಳವಣಿಗೆಯೇ ಕುಂಠಿತವಾದುದು ಕಂಡುಬಂತು. ಶ್ರಾವಣದ ಬಯಲಿನಲ್ಲಿ ನಿಂತವರಿಗೆ ಈ ವೇಗದ ಬೆಲೆ ಅರ್ಥವಾಗುತ್ತದೆ. ಒಂದು ಮೋಡ ಬಂದು ನೆರಳು ಬೀಳುತ್ತದೆ, ಐದು ನಿಮಿಷಕ್ಕೆ ಸರಿದು ಬಿಸಿಲು ಹೊಡೆಯುತ್ತದೆ, ಮತ್ತೆ ಮೋಡ. ನೆರಳಿನಲ್ಲಿ ಬಾಗಿಲು ತೆರೆದು ಕುಳಿತ ಸಸ್ಯ ನೀರನ್ನು ಸುಮ್ಮನೆ ಕಳೆದುಕೊಳ್ಳುತ್ತದೆ. ಬಿಸಿಲು ಬಂದಾಗ ತೆರೆಯಲು ತಡ ಮಾಡಿದ ಸಸ್ಯ ಬೆಳಕನ್ನು ಕಳೆದುಕೊಳ್ಳುತ್ತದೆ. ಹುಲ್ಲು ಎರಡನ್ನೂ ಕಡಿಮೆ ಕಳೆದುಕೊಳ್ಳುತ್ತದೆ. ನೆಲದ ತೇವ ಇಳಿದಾಗ ಸಸ್ಯದ ಮೈಯಲ್ಲಿ ಅಬ್ಸಿಸಿಕ್ ಆಮ್ಲ ಎಂಬ ರಸ ಹೆಚ್ಚಿ, ಕಾವಲು ಕೋಶಗಳಿಗೆ ಮುಚ್ಚಿರೆಂಬ ಸೂಚನೆ ಮುಟ್ಟಿಸುತ್ತದೆ. ಈ ಸೂಚನೆ ಎಲ್ಲ ಸಸ್ಯಗಳಿಗೂ ಉಂಟು. ಅದನ್ನು ಜಾರಿಗೆ ತರುವ ಚುರುಕು ಹುಲ್ಲಿನದು.

ಎರಡನೆಯ ಉಪಾಯವನ್ನು ನೋಡಲು ಸೂಕ್ಷ್ಮದರ್ಶಕ ಬೇಡ. ನಾನು ಹುಡುಗನಾಗಿದ್ದಾಗ ನಮ್ಮೂರಿನ ಕುರಿಗಾಹಿ ಅಜ್ಜ ಒಬ್ಬರು ಮಡ್ಡಿಯ ಮೇಲಿನ ಕರಡ ಹುಲ್ಲನ್ನು ತೋರಿಸಿ, “ಬಿಸಲಿಗಿ ಹುಲ್ಲು ಕಣ್ಣ ಮುಚ್ಚತದ ನೋಡು ತಮ್ಮಾ, ಸಂಜಿಗಿ ಮತ್ತ ತೆರಿತದ” ಎನ್ನುತ್ತಿದ್ದರು. ಮಳೆ ಹಿಂದೆಗೆದ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಆ ಹುಲ್ಲಿನ ಎಲೆಯನ್ನು ಬೆರಳಿನಲ್ಲಿ ಹಿಡಿದರೆ, ಬೆಳಿಗ್ಗೆ ಪಟ್ಟಿಯಂತೆ ಅಗಲವಾಗಿದ್ದದ್ದು ದೀಪದ ಬತ್ತಿ ಹೊಸೆದಂತೆ ಉದ್ದಕ್ಕೆ ಸುರುಳಿಯಾಗಿರುತ್ತದೆ. ಬಿಡಿಸಲು ಹೋದರೆ ಮತ್ತೆ ಸುತ್ತಿಕೊಳ್ಳುತ್ತದೆ. ಎಲೆಯ ಮೇಲ್ಮೈಯಲ್ಲಿ, ನರಗಳ ಪಕ್ಕದ ಸಾಲಿನಲ್ಲಿ, ಗುಳ್ಳೆಯಂತೆ ದೊಡ್ಡದಾದ ತೆಳುಗೋಡೆಯ ಕೋಶಗಳಿವೆ. ನೀರು ಸಾಲದಾದಾಗ ಮೊದಲು ಕುಗ್ಗುವವು ಇವೇ. ಇವು ಕುಗ್ಗಿದೊಡನೆ ಎಲೆ ಒಳಮುಖವಾಗಿ ಮಡಚಿಕೊಳ್ಳುತ್ತದೆ. ಬಿಸಿಲಿಗೆ ಒಡ್ಡಿದ ಮೈ ಕಡಿಮೆಯಾಗುತ್ತದೆ, ಸುರುಳಿಯ ಒಳಗಿನ ರಂಧ್ರಗಳ ಸುತ್ತ ತೇವದ ಗಾಳಿ ನಿಂತು ಆವಿ ಹೋಗುವುದು ನಿಧಾನವಾಗುತ್ತದೆ. ಸಂಜೆ ಬಿಸಿಲು ಇಳಿದು ಬೇರಿನಿಂದ ನೀರು ಏರಿದಾಗ ಗುಳ್ಳೆಗಳು ತುಂಬಿ ಎಲೆ ಬಿಚ್ಚಿಕೊಳ್ಳುತ್ತದೆ. ಅಜ್ಜನ ಮಾತು ಅಕ್ಷರಶಃ ಸರಿಯಾಗಿತ್ತು ಎಂಬುದು ಕಾಲೇಜಿಗೆ ಹೋದ ಮೇಲೆ ನನಗೆ ತಿಳಿಯಿತು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಎರೆ ಹೊಲಕ್ಕೆ ಹೋಗುವ ಪ್ರತಿಯೊಬ್ಬರೂ ಇದನ್ನು ಹಿಂಗಾರಿ ಜೋಳದಲ್ಲಿಯೂ ನೋಡಬಹುದು; ಜೊತೆಗೆ ದಂಟಿಗೂ ಎಲೆಯ ಬುಡಕ್ಕೂ ಬಳಿದಂತಿರುವ ಬಿಳಿಯ ಪುಡಿಯನ್ನು ಬೆರಳಿನಿಂದ ಒರೆಸಿ ನೋಡಬಹುದು. ಅದು ಮೇಣ. ರಂಧ್ರ ಮುಚ್ಚಿದ ಮೇಲೂ ಚರ್ಮದ ಮೂಲಕ ಸೋರುವ ನೀರನ್ನು ತಡೆಯುವುದಕ್ಕಾಗಿ, ಬಿಸಿಲನ್ನು ಹಿಂದಕ್ಕೆ ಅಟ್ಟುವುದಕ್ಕಾಗಿ ಜೋಳ ಅದನ್ನು ಹೊದ್ದುಕೊಂಡಿರುತ್ತದೆ.

ಮೂರನೆಯ ಉಪಾಯ ಎಲೆಯ ಒಳಗಿದೆ, ನನ್ನ ಮಟ್ಟಿಗೆ ಇದು ಸಸ್ಯಲೋಕದ ಅತ್ಯಂತ ದೊಡ್ಡ ಕೌಶಲ. ಎಲ್ಲ ಹಸಿರು ಸಸ್ಯಗಳಲ್ಲಿ ಇಂಗಾಲವನ್ನು ಹಿಡಿದು ಸಕ್ಕರೆಯ ಹಾದಿಗೆ ಸೇರಿಸುವುದು ರುಬಿಸ್ಕೊ ಎಂಬ ಕಿಣ್ವ. ಅದಕ್ಕೊಂದು ದೋಷವಿದೆ. ಇಂಗಾಲದ ಡೈಆಕ್ಸೈಡ್ ಎಂದುಕೊಂಡು ಅದು ಆಗಾಗ ಆಮ್ಲಜನಕವನ್ನು ಹಿಡಿಯುತ್ತದೆ. ಬಿಸಿಲೇರಿದಷ್ಟೂ, ರಂಧ್ರ ಮುಚ್ಚಿ ಒಳಗೆ ಇಂಗಾಲ ಕಡಿಮೆಯಾದಷ್ಟೂ ಈ ತಪ್ಪು ಹೆಚ್ಚುತ್ತದೆ, ತಪ್ಪನ್ನು ತಿದ್ದಿಕೊಳ್ಳಲು ಹೋಗಿ ಗಿಡ ತಾನು ಗಳಿಸಿದ ಇಂಗಾಲದಲ್ಲಿ ಒಂದು ಪಾಲನ್ನು ಮತ್ತೆ ಗಾಳಿಗೆ ಬಿಡುತ್ತದೆ. ತೊಗರಿ, ಕಡಲೆ, ಹತ್ತಿ, ಗೋಧಿ, ಭತ್ತ, ಬೇವು, ಹುಣಸೆ, ನೀಲಗಿರಿ ಎಲ್ಲವೂ ಈ ನಷ್ಟವನ್ನು ಅನುಭವಿಸುವ ಸಸ್ಯಗಳೇ. ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳ, ಕಬ್ಬು, ಕರಿಕೆ ಮತ್ತು ನಮ್ಮ ಮಡ್ಡಿಯ ಬಹುಪಾಲು ಹುಲ್ಲುಗಳು ಬೇರೊಂದು ಏರ್ಪಾಡು ಮಾಡಿಕೊಂಡಿವೆ. ಅವುಗಳ ಎಲೆಯ ನರದ ಸುತ್ತ ದಪ್ಪ ಕೋಶಗಳ ಒಂದು ಮಾಲೆಯೂ, ಅದರ ಹೊರಗೆ ಇನ್ನೊಂದು ಸುತ್ತೂ ಇರುತ್ತವೆ. ಹೊರಸುತ್ತಿನ ಕೋಶಗಳಲ್ಲಿ ಇಂಗಾಲವನ್ನು ಹಿಡಿಯುವುದು ಆಮ್ಲಜನಕದ ಕಡೆಗೆ ತಿರುಗಿಯೂ ನೋಡದ ಮತ್ತೊಂದು ಕಿಣ್ವ. ಹಿಡಿದದ್ದನ್ನು ನಾಲ್ಕು ಇಂಗಾಲದ ಒಂದು ಆಮ್ಲವನ್ನಾಗಿ ಮಾಡಿ ಒಳಮಾಲೆಗೆ ಸಾಗಿಸಿ ಅಲ್ಲಿ ಬಿಡುಗಡೆ ಮಾಡುತ್ತವೆ. ಬಾವಿಯಿಂದ ನೀರೆತ್ತಿ ತೊಟ್ಟಿ ತುಂಬಿಸಿದಂತೆ, ಒಳಗಿನ ಕೋಶಗಳಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನದಕ್ಕಿಂತ ಹಲವು ಪಟ್ಟು ದಟ್ಟವಾಗುತ್ತದೆ. ರುಬಿಸ್ಕೊ ಇರುವುದು ಅಲ್ಲಿಯೇ ಆದ್ದರಿಂದ ಅದು ತಪ್ಪು ಮಾಡುವ ಸಂದರ್ಭವೇ ಬಹಳ ಕಡಿಮೆ. ನಾಲ್ಕು ಇಂಗಾಲದ ಕಾರಣಕ್ಕೆ ಇವುಗಳನ್ನು ಸಿ-4 ಸಸ್ಯಗಳೆಂದು ಕರೆಯುತ್ತಾರೆ. ನೀರಿನ ಲೆಕ್ಕಕ್ಕೆ ಇದರ ಪರಿಣಾಮ ಬಹಳ ದೊಡ್ಡದು. ಇಂಗಾಲವನ್ನು ಇಷ್ಟು ಚೆನ್ನಾಗಿ ಸೆಳೆದುಕೊಳ್ಳಬಲ್ಲ ಎಲೆ ತನ್ನ ಬಾಗಿಲನ್ನು ಅಗಲವಾಗಿ ತೆರೆಯಬೇಕಿಲ್ಲ. ಸ್ವಲ್ಪವೇ ತೆರೆದು, ಉಳಿದ ಗಿಡಗಳು ಅಗಲವಾಗಿ ತೆರೆದು ಗಳಿಸಿದಷ್ಟನ್ನೇ ಗಳಿಸುತ್ತದೆ.

ರೈತರ ಭಾಷೆಯಲ್ಲಿ ಇದನ್ನು ಹೇಳುವ ಅಂಕಿಗಳು ನೂರು ವರ್ಷಕ್ಕೂ ಹಳೆಯವು. ಅಮೆರಿಕದ ಕೊಲೊರಾಡೊ ರಾಜ್ಯದ ಅಕ್ರಾನ್ ಎಂಬಲ್ಲಿ 1911ರಿಂದ ಮೂರು ವರ್ಷ ಬ್ರಿಗ್ಸ್ ಮತ್ತು ಶಾಂಟ್ಜ್ ಎಂಬಿಬ್ಬರು ಡಬ್ಬಿಗಳಲ್ಲಿ ಬೆಳೆ ಬೆಳೆಸಿ, ಕುಡಿದ ನೀರನ್ನೂ ಬೆಳೆದ ಮೈಯನ್ನೂ ತೂಗಿ ನೋಡಿದರು. ಒಂದು ಕಿಲೊ ಒಣ ಮೈ ಬೆಳೆಯಲು ಜೋಳ ತೆಗೆದುಕೊಂಡ ನೀರು ಸುಮಾರು 320 ಕಿಲೊ. ಗೋಧಿ ತೆಗೆದುಕೊಂಡದ್ದು 500ಕ್ಕೂ ಮೇಲೆ. ಕುದುರೆ ಮೆಂತ್ಯೆ 800ಕ್ಕೂ ಮೇಲೆ. ವ್ಯತ್ಯಾಸ ಏಕೆ ಎಂಬುದು ಅವರಿಗೆ ತಿಳಿಯುವಂತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಕಬ್ಬಿನ ಎಲೆಯ ಮೇಲೆ ಕೆಲಸ ಮಾಡುತ್ತಿದ್ದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಈ ನಾಲ್ಕು ಇಂಗಾಲದ ಹಾದಿಯನ್ನು ಬಿಡಿಸಿಟ್ಟ ಮೇಲೆಯೇ, ಅಂದರೆ ಅರ್ಧ ಶತಮಾನ ಕಳೆದ ಮೇಲೆ, ಆ ಅಂಕಿಗಳಿಗೆ ಅರ್ಥ ಬಂತು. ಹೂಬಿಡುವ ಸಸ್ಯಗಳ ಪ್ರಭೇದಗಳಲ್ಲಿ ಸಿ-4 ಬಗೆಯವು ನೂರಕ್ಕೆ ಮೂರರಷ್ಟು; ಆದರೆ ನೆಲದ ಮೇಲೆ ಸಸ್ಯಗಳು ಪ್ರತಿ ವರ್ಷ ಕಟ್ಟುವ ಇಂಗಾಲದಲ್ಲಿ ಸುಮಾರು ಕಾಲು ಭಾಗ ಅವುಗಳ ಪಾಲಿನದು, ಅದರಲ್ಲಿಯೂ ಬಹುಪಾಲು ಹುಲ್ಲಿನದು.

ಈ ಏರ್ಪಾಡಿಗೆ ಖರ್ಚೂ ಇದೆ ಎಂಬುದನ್ನು ಬಚ್ಚಿಡಬಾರದು. ಇಂಗಾಲವನ್ನು ಒಳಮಾಲೆಗೆ ಸಾಗಿಸಲು ಹೆಚ್ಚಿನ ಶಕ್ತಿ ಬೇಕು, ಶಕ್ತಿಗೆ ಬಿಸಿಲು ಬೇಕು. ಚಳಿಯಲ್ಲಿ ಈ ಖರ್ಚು ಗಿಟ್ಟುವುದಿಲ್ಲ. ನೆರಳಿನಲ್ಲಂತೂ ಗಿಟ್ಟುವುದೇ ಇಲ್ಲ. ಈ ಕೊನೆಯ ಮಾತನ್ನು ಸಸಿ ನೆಡುವವರು ವಿಶೇಷವಾಗಿ ಗಮನಿಸಬೇಕು. ಮಡ್ಡಿಯ ಮೇಲೆ ಅಲ್ಲೊಂದು ಇಲ್ಲೊಂದು ಜಾಲಿ, ಬಾರಿ ಗಿಡ ಇದ್ದರೆ ಹುಲ್ಲಿಗೆ ತೊಂದರೆಯಿಲ್ಲ, ಹಾಗೆ ಇರುವುದೇ ನಮ್ಮ ಬಯಲಿನ ಸಹಜ ರೂಪ. ಆದರೆ ಸಾಲು ಹಿಡಿದು ಒತ್ತಾಗಿ ನೆಟ್ಟ ಸಸಿಗಳು ಬೆಳೆದು ಕೊಂಬೆ ಕೂಡಿಸಿದ ದಿನ, ಅವುಗಳ ಕೆಳಗಿನ ಹುಲ್ಲು ಬಡವಾಗಿ ಸಾಯುತ್ತದೆ. ಬೆಳಕನ್ನೇ ನಂಬಿ ಬದುಕು ಕಟ್ಟಿಕೊಂಡದ್ದಕ್ಕೆ ಬೇರೆ ದಾರಿಯಿಲ್ಲ.

ಇಂಥ ಹುಲ್ಲುಗಳು ಒಂದು ಇಡೀ ಸೀಮೆಯನ್ನೇ ಆವರಿಸಿದ್ದರೆ ಹೇಗಿರುತ್ತದೆ ಎಂಬುದನ್ನು ಅಮೆರಿಕದ ನಡುಭಾಗದ ಪ್ರೇರಿ ಎಂಬ ಬಯಲಿನಲ್ಲಿ ಬಹುಕಾಲದಿಂದ ಅಭ್ಯಾಸ ಮಾಡಿದ್ದಾರೆ. ಅಲ್ಲಿನ ಎತ್ತರದ ಹುಲ್ಲುಗಳಲ್ಲಿ ಮುಖ್ಯವಾದ ಬಿಗ್ ಬ್ಲೂಸ್ಟೆಮ್ ನಮ್ಮ ಜೋಳದ ಮತ್ತು ಕಬ್ಬಿನ ಗಣಕ್ಕೇ ಸೇರಿದ ಸಿ-4 ಹುಲ್ಲು. ನಮ್ಮ ಮಡ್ಡಿಯ ಸೆಹಿಮಾ, ಡೈಕಾಂಥಿಯಂ ಹುಲ್ಲುಗಳೂ ಅದೇ ಬಳಗದವು. ನೆಬ್ರಾಸ್ಕ ವಿಶ್ವವಿದ್ಯಾಲಯದ ಪ್ರೊ. ಜಾನ್ ವೀವರ್ ಎಂಬವರು ಆಳುದ್ದದ ಕಂದಕಗಳನ್ನು ತೋಡಿಸಿ, ಒಳಗಿಳಿದು, ಹುಲ್ಲಿನ ಬೇರುಗಳನ್ನು ಮಣ್ಣಿನಿಂದ ಒಂದೊಂದಾಗಿ ಬಿಡಿಸಿ ಚಿತ್ರ ಬರೆದರು. ನೆಲದ ಮೇಲೆ ಮನುಷ್ಯನೆತ್ತರ ಇದ್ದ ಹುಲ್ಲಿನ ಬೇರು ನೆಲದ ಒಳಗೆ ಆರೇಳು ಅಡಿಗೆ ಇಳಿದಿತ್ತು, ಕೆಲವದರದು ಇನ್ನೂ ಆಳಕ್ಕೆ.

ಇಲ್ಲಿ ಒಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. 1930ರ ದಶಕದ ಭೀಕರ ಬರಗಾಲದಲ್ಲಿ, ಉತ್ತು ಬಯಲು ಮಾಡಿದ್ದ ಹೊಲಗಳ ಮಣ್ಣು ಧೂಳಿನ ಬಿರುಗಾಳಿಯಾಗಿ ಎದ್ದ ಆ ವರ್ಷಗಳಲ್ಲಿ, ಪ್ರೇರಿಯ ಸಿ-4 ಹುಲ್ಲುಗಳು ಗೆಲ್ಲಬೇಕಿತ್ತು ಎಂದು ಯಾರಾದರೂ ಹೇಳುತ್ತಾರೆ. ಆದರೆ ವೀವರ್ ಕಂಡದ್ದು ಬೇರೆ: ಅನೇಕ ಕಡೆ ಬ್ಲೂಸ್ಟೆಮ್ ಹುಲ್ಲುಗಳು ಸತ್ತು, ಆ ಜಾಗದಲ್ಲಿ ಗೋಧಿಯ ಬಗೆಯ, ಚಳಿಗಾಲಕ್ಕೆ ಒಗ್ಗಿದ ವೀಟ್‌ಗ್ರಾಸ್ ಎಂಬ ಹುಲ್ಲು ಹರಡಿತು. ಇತ್ತೀಚಿನ ಅಧ್ಯಯನಗಳು ಇದಕ್ಕೆ ಕೊಡುವ ಕಾರಣ, ಕಡು ಬರದ ವರ್ಷಗಳಲ್ಲಿ ಅಲ್ಲಿ ಬೇಸಿಗೆಯ ಮಳೆಯೇ ಹೆಚ್ಚಾಗಿ ತಪ್ಪಿ, ಬಿದ್ದ ಮಳೆಯಲ್ಲಿ ಚಳಿಯ ತಿಂಗಳುಗಳ ಪಾಲು ಏರಿತ್ತು ಎಂಬುದು. ಮಳೆ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದು ಅಲ್ಲಿ ತೀರ್ಮಾನ ಮಾಡಿತು. ಈ ಮಾತನ್ನು ನಾನು ಬೇಕೆಂದೇ ಎತ್ತುತ್ತಿದ್ದೇನೆ. ಸಿ-4 ಎಂಬುದು ಎಲ್ಲ ಕಾಲಕ್ಕೂ ಎಲ್ಲ ನೆಲಕ್ಕೂ ಗೆಲ್ಲುವ ಮಂತ್ರವಲ್ಲ. ಬಿಸಿಲೂ ಮಳೆಯೂ ಒಂದೇ ಕಾಲಕ್ಕೆ ಬರುವ ಕಡೆ ಅದರ ಶಕ್ತಿ ಪೂರ್ತಿ ಹೊರಬರುತ್ತದೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ವರ್ಷದ ಮಳೆಯ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನೆಲ ಇನ್ನೂ ಬೆಚ್ಚಗಿರುವಾಗಲೇ. ಹುಲ್ಲಿಗೆ ಬೇಕಾದ ಕೂಡಿಕೆ ನಮ್ಮಲ್ಲಿ ತಾನಾಗಿಯೇ ಒದಗಿದೆ.

ಕಾನ್ಸಾಸ್ ರಾಜ್ಯದ ಕೊಂಜಾ ಪ್ರೇರಿ ಎಂಬ ಸಂಶೋಧನಾ ಕ್ಷೇತ್ರದಲ್ಲಿ ದಶಕಗಳಿಂದ ನಡೆಯುತ್ತಿರುವ ಕೆಲಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಸಸ್ಯದೊಳಗಿನ ನೀರು ಮಣ್ಣಿನ ಯಾವ ಪದರದಿಂದ ಬಂತೆಂಬುದನ್ನು ನೀರಿನ ಅಣುವಿನಲ್ಲಿರುವ, ತೂಕದಲ್ಲಿ ತುಸು ವ್ಯತ್ಯಾಸವುಳ್ಳ ಪರಮಾಣುಗಳಾದ ಐಸೊಟೋಪ್‌ಗಳಿಂದ ಪತ್ತೆ ಹಚ್ಚಿದಾಗ, ಅಷ್ಟು ಆಳದ ಬೇರಿರುವ ಆ ಸಿ-4 ಹುಲ್ಲುಗಳು ಕುಡಿಯುವುದು ಹೆಚ್ಚಾಗಿ ಮೇಲಿನ ಒಂದು ಅಡಿ ಮಣ್ಣಿನ ನೀರನ್ನೇ ಎಂದು ತಿಳಿದುಬಂತು; ಪೊದೆಗಳು ಮೇಲೆ ನೀರು ಮುಗಿದಾಗ ಆಳದ ನೀರಿಗೆ ಕೈಹಾಕುತ್ತವೆ. ಬಯಲಿಗೆ ಆಗಾಗ ಬೀಳುವ ಬೆಂಕಿ ತಪ್ಪಿದ ಕಡೆಗಳಲ್ಲಿ ಹುಲ್ಲು ಹಿಂದೆ ಸರಿದು ಪೊದೆ, ಮರ ದಟ್ಟವಾದಂತೆ ಅಲ್ಲಿನ ತೊರೆಯ ಹರಿವು, ಮಳೆ ಕಡಿಮೆಯಾಗದಿದ್ದರೂ, ಇಳಿಯುತ್ತಾ ಬಂದಿದೆ. ಅಲ್ಲಿನದು ಸುಣ್ಣಕಲ್ಲಿನ ನೆಲ, ನಮ್ಮದು ಕೆಂಪು ಜಂಬಿಟ್ಟಿಗೆ ಮತ್ತು ಕರಿಕಲ್ಲಿನ ನೆಲ. ಅಲ್ಲಿನ ಅಂಕಿಯನ್ನು ಇಲ್ಲಿಗೆ ಹಚ್ಚಿ ಲೆಕ್ಕ ಹಾಕುವುದು ಸರಿಯಲ್ಲ. ಆದರೆ ‘ಮರ ಹೆಚ್ಚಿದರೆ ನೀರು ಹೆಚ್ಚುತ್ತದೆ’ ಎಂಬ ಮಾತನ್ನು ಎಲ್ಲ ನೆಲಕ್ಕೂ ಒಂದೇ ಸಮನೆ ಹೇಳಿಕೊಂಡು ಬರುವವರು ಈ ಅನುಭವವನ್ನು ಪಕ್ಕಕ್ಕೆ ಸರಿಸಲು ಬರುವುದಿಲ್ಲ. ನಮ್ಮ ರಾಜ್ಯ ಸರ್ಕಾರವೇ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿದ್ದರ ಹಿಂದೆಯೂ ಅಂತರ್ಜಲದ ಚಿಂತೆಯೇ ಇತ್ತು.

ಇನ್ನು ನಮ್ಮ ಮಡ್ಡಿಗೆ ಬರುತ್ತೇನೆ. ಮಿರಗದ ಮಳೆ ಬಿದ್ದ ಒಂದು ವಾರಕ್ಕೆ ಒಣಗಿ ಸತ್ತಂತಿದ್ದ ಬುಡಗಳಿಂದ ಹಸಿರು ಮೊಳಕೆ ಹೊರಡುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಮೊಣಕಾಲುದ್ದ ನಿಂತು ತೆನೆ ಹಾಕುತ್ತದೆ. ದೀಪಾವಳಿಯ ಆಚೆ ಹಳದಿಗೆ ತಿರುಗುತ್ತದೆ, ಸಂಕ್ರಮಣದ ಹೊತ್ತಿಗೆ ಪೂರ್ತಿ ಒಣಗುತ್ತದೆ. ಹಾಗೆ ಒಣಗಿದ ದಿನದಿಂದ ಮುಂದಿನ ಮಳೆಯವರೆಗೆ, ನೆಲ ಕಾದ ಹೆಂಚಾಗಿರುವ ಅಷ್ಟೂ ತಿಂಗಳು, ಆ ಹುಲ್ಲು ಭೂಮಿಯಿಂದ ಹೆಚ್ಚು ಕಡಿಮೆ ಒಂದು ತೊಟ್ಟು ನೀರನ್ನೂ ತೆಗೆಯುವುದಿಲ್ಲ. ಜೀವವೆಲ್ಲ ಬುಡದ ಮೊಗ್ಗುಗಳಲ್ಲಿ, ನೆಲಮಟ್ಟದಲ್ಲಿ, ಅಡಗಿ ಕುಳಿತಿರುತ್ತದೆ. ಏಪ್ರಿಲ್‌ನಲ್ಲಿ ಬಂದು ನೋಡಿದವರಿಗೆ ಅದು ‘ಏನೂ ಬೆಳೆಯದ’ ನೆಲವಾಗಿ ಕಾಣುವುದಕ್ಕೆ ಕಾರಣ ಇದೇ, ಯೋಜನೆಗಳ ಸರ್ವೆ ನಡೆಯುವುದೂ ಸಾಮಾನ್ಯವಾಗಿ ಬೇಸಿಗೆಯಲ್ಲಿಯೇ. ವರ್ಷವಿಡೀ ಎಲೆ ಹೊತ್ತು ನಿಲ್ಲುವ ಮರಕ್ಕೆ ಈ ಸೌಲಭ್ಯವಿಲ್ಲ. ಅದು ಮೇ ತಿಂಗಳಲ್ಲಿಯೂ ಎಲ್ಲಿಂದಲೋ ನೀರು ತರಲೇಬೇಕು.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಗಾಯರಾಣದ ಒಂದು ಭಾಗದಲ್ಲಿ ಯಂತ್ರ ತಂದು ಕಂದಕ ಮತ್ತು ಗುಂಡಿಗಳನ್ನು ತೋಡಿಸಿದರು. ಯಾರು ಮಾಡಿಸಿದರೆಂಬುದು ಇಲ್ಲಿ ಮುಖ್ಯವಲ್ಲ. ಒಳ್ಳೆಯ ಉದ್ದೇಶದಿಂದಲೇ ಮಾಡಿಸಿದರು. ಮೇಲೆ ಒಂದು ಗೇಣು ಮಣ್ಣು, ಕೆಳಗೆಲ್ಲ ಮುರಮ್, ಅಂದರೆ ಗರಸು. ಆ ಒಂದು ಗೇಣು ಮಣ್ಣನ್ನು ಹುಲ್ಲಿನ ಬೇರುಗಳು ನೂಲಿನ ಕಂಬಳಿ ನೇಯ್ದಂತೆ ಹಿಡಿದುಕೊಂಡಿದ್ದವು. ಯಂತ್ರದ ಹಲ್ಲು ಅದನ್ನು ಕಿತ್ತು ಬದಿಗೆ ಹಾಕಿ, ಮುರಮ್ಮನ್ನು ಅದರ ಮೇಲೆ ರಾಶಿ ಹಾಕಿತು. ಮೊದಲ ಬೇಸಿಗೆ ಟ್ಯಾಂಕರ್ ನೀರು ಬಂತು, ಎರಡನೆಯ ಬೇಸಿಗೆ ಬರಲಿಲ್ಲ. ಮೂರನೆಯ ವರ್ಷ ನಾನು ಎಣಿಸಿ ನೋಡಿದ ಒಂದು ಸಾಲಿನ ನಲವತ್ತು ಗುಂಡಿಗಳಲ್ಲಿ ಏಳು ಸಸಿಗಳು ಉಳಿದಿದ್ದವು. ಅದಕ್ಕಿಂತ ಹೆಚ್ಚಿನ ದುಃಖದ ಮಾತೆಂದರೆ ರಾಶಿ ಹಾಕಿದ ಮುರಮ್ಮಿನ ಮೇಲೆ ಹುಲ್ಲು ಮರಳಿ ಬರಲಿಲ್ಲ. ಬಂದದ್ದು ಕಾಂಗ್ರೆಸ್ ಕಸ ಮತ್ತು ಬಳ್ಳಾರಿ ಜಾಲಿ. ಆ ಭಾಗದಲ್ಲಿ ಕುರಿ ಮೇಯಿಸುತ್ತಿದ್ದವರು ಈಗ ಮಳೆಗಾಲ ಮುಗಿಯುವಷ್ಟರಲ್ಲಿಯೇ ಕಣಕಿ (ಜೋಳದ ಒಣ ದಂಟಿನ ಮೇವು) ಕೊಳ್ಳಲು ಊರೂರು ತಿರುಗುತ್ತಿದ್ದಾರೆ.

ಈ ಬಯಲುಗಳು ಒಂದು ಕಾಲಕ್ಕೆ ಕಾಡಾಗಿದ್ದು ಮನುಷ್ಯರು ಕಡಿದು ಹಾಳು ಮಾಡಿದ್ದರಿಂದ ಹುಲ್ಲಾದವು, ಆದ್ದರಿಂದ ಮರ ನೆಡುವುದೆಂದರೆ ಮೊದಲಿದ್ದದ್ದನ್ನು ಮರಳಿ ಕೊಡುವುದು ಎಂಬ ವಾದವನ್ನೂ ಕೇಳಿದ್ದೇನೆ. ಕೆಲವು ಕಡೆ ಅದು ನಿಜವಿರಬಹುದು. ಆದರೆ ಸಿ-4 ಹುಲ್ಲುಗಳು ಭಾರತ ಉಪಖಂಡದಲ್ಲಿ ಹರಡಿ ಸುಮಾರು 70ರಿಂದ 80 ಲಕ್ಷ ವರ್ಷಗಳಾದವು ಎಂಬುದಕ್ಕೆ ಶಿವಾಲಿಕ್ ಬೆಟ್ಟಗಳ ಹಳೆಯ ಮಣ್ಣಿನಲ್ಲಿ ಉಳಿದಿರುವ ಇಂಗಾಲವೇ ಸಾಕ್ಷಿ. ಆಗ ಕೊಡಲಿ ಹಿಡಿಯಲು ಮನುಷ್ಯನೇ ಇರಲಿಲ್ಲ. 1973ರಲ್ಲಿ ದಾಬಡಘಾವ್ ಮತ್ತು ಶಂಕರನಾರಾಯಣ್ ಅವರು ದೇಶದ ಹುಲ್ಲುಗಾವಲುಗಳನ್ನು ಐದು ಬಗೆಯಾಗಿ ವಿಂಗಡಿಸಿದಾಗ, ದಖ್ಖನಿನ ಬಯಲನ್ನು ಸೆಹಿಮಾ–ಡೈಕಾಂಥಿಯಂ ಬಗೆ ಎಂದು ಹೆಸರಿಟ್ಟು ಗುರುತಿಸಿದರು. ಹೆಸರಿರುವ ಸಸ್ಯಸಮುದಾಯ ಅದು. ಬೀದರ್ ಜಿಲ್ಲೆಯ ಬಯಲುಗಳಲ್ಲಿ ಇಂದಿಗೂ ಹಿಂಡಾಗಿ ಓಡುವ ಕೃಷ್ಣಮೃಗಗಳು ಬದುಕಿರುವುದು ಅದರ ಮೇಲೆಯೇ. ದಟ್ಟ ಮರಗಳ ನಡುವೆ ಅವು ಉಳಿಯಲಾರವು. ಹೀಗಿದ್ದೂ ಸರ್ಕಾರಿ ನಕ್ಷೆಗಳಲ್ಲಿ ಇಂಥ ನೆಲ ಬಹುಪಾಲು ‘ಪಾಳು ಭೂಮಿ’ಯ ಪಟ್ಟಿಯಲ್ಲಿಯೇ ಇದೆ. ಪಟ್ಟಿಯಲ್ಲಿ ಹಾಗಿರುವುದರಿಂದಲೇ ಸಸಿ ನೆಡುವುದಕ್ಕೂ ಬೇರೆ ಯೋಜನೆಗಳಿಗೂ ಮೊದಲು ಅದರ ಮೇಲೆಯೇ ಕಣ್ಣು ಬೀಳುತ್ತದೆ.

ಗಾಯರಾಣ ಎಲ್ಲ ಕಡೆ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಮಿತಿಮೀರಿ ಮೇಯಿಸಿದ ಕಡೆ ಕರಡ ಹೋಗಿ ಕಲ್ಲು ಕಾಣುತ್ತಿದೆ. ಅದಕ್ಕೆ ಪರಿಹಾರವೂ ಹುಲ್ಲಿನ ಸ್ವಭಾವದಲ್ಲಿಯೇ ಇದೆ. ಅಮೆರಿಕದ ಕೃಷಿ ಇಲಾಖೆಯ ಕ್ರೈಡರ್ ಎಂಬವರು 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಮ್ಮೆಗೆ ಅರ್ಧಕ್ಕಿಂತ ಕಡಿಮೆ ಎಲೆ ಕತ್ತರಿಸಿದಾಗ ಬೇರು ಬೆಳೆಯುತ್ತಲೇ ಇತ್ತು. ಅರ್ಧ ದಾಟಿದರೆ ಬೇರಿನ ಬೆಳವಣಿಗೆ ಕೆಲವು ದಿನ ನಿಂತೇ ಹೋಗುತ್ತಿತ್ತು. ಎಲೆ ಮಿತವಾಗಿ ಮೇಯಿಸಿದರೆ ಆವಿಯಾಗುವ ಮೈ ಕಡಿಮೆಯಾಗಿ ನೆಲದ ತೇವವೂ ಸ್ವಲ್ಪ ಉಳಿಯುತ್ತದೆ, ಬೇರೂ ಉಳಿಯುತ್ತದೆ. ಆದ್ದರಿಂದ ಗಾಯರಾಣವನ್ನು ಮೂರು ನಾಲ್ಕು ಪಾಲು ಮಾಡಿ, ಮೊದಲ ಮಳೆಯ ನಂತರ ಹುಲ್ಲು ತೆನೆಗಟ್ಟುವವರೆಗೆ ಒಂದೊಂದು ಪಾಲನ್ನು ಸರದಿಯ ಮೇಲೆ ಮೇಯಿಸದೆ ಬಿಡುವುದು, ಬರಿದಾದ ಜಾಗಕ್ಕೆ ಪಕ್ಕದ ಮಡ್ಡಿಯಿಂದಲೇ ನವೆಂಬರ್‌ನಲ್ಲಿ ಬೀಜ ಬಳಿದು ತಂದು ಮಿರಗಕ್ಕೆ ಚೆಲ್ಲುವುದು, ಬಳ್ಳಾರಿ ಜಾಲಿಯನ್ನು ಬೇರುಸಮೇತ ತೆಗೆಸುವುದು, ಇಷ್ಟನ್ನು ಪಂಚಾಯಿತಿಗಳು ಕುರಿಗಾಹಿಗಳನ್ನು ಜೊತೆಗೆ ಕೂರಿಸಿಕೊಂಡು ಮಾಡಬಹುದು. ಸಸಿ ನೆಡುವ ಖರ್ಚಿನ ಒಂದು ಸಣ್ಣ ಪಾಲು ಇದಕ್ಕೆ ಸಾಕು.

ಸಸಿಗಳಿಗೂ ಜಾಗವಿದೆ. ಕೆರೆಯ ಏರಿ, ರಸ್ತೆಯ ಬದಿ, ಶಾಲೆಯ ಅಂಗಳ, ಹೊಲದ ಬದು, ಹಳ್ಳದ ದಂಡೆ, ಚಿಂಚೋಳಿಯ ಕುರುಚಲಾಗಿರುವ ಅರಣ್ಯದ ಅಂಚು, ಇಲ್ಲೆಲ್ಲ ಬೇವು, ಹುಣಸೆ, ಹೊಂಗೆ, ಬನ್ನಿ ನೆಟ್ಟರೆ ನಾನೂ ಗುಂಡಿಗೆ ಮಣ್ಣು ಎಳೆಯಲು ಬರುತ್ತೇನೆ. ಗಾಯರಾಣದ ಮಟ್ಟಿಗೆ ಮಾತ್ರ ಸಂಬಂಧಪಟ್ಟವರಲ್ಲಿ ನನ್ನ ಒಂದು ವಿನಂತಿ: ಯಂತ್ರ ಇಳಿಸುವ ಮೊದಲು, ಬೇಸಿಗೆಯ ಸರ್ವೆಯನ್ನು ನಂಬದೆ, ಒಂದು ಮಳೆಗಾಲ ಕಾಯ್ದು ಸೆಪ್ಟೆಂಬರ್‌ನಲ್ಲಿ ಅಲ್ಲಿ ಯಾವ ಯಾವ ಹುಲ್ಲು ಎಷ್ಟು ನೆಲವನ್ನು ಮುಚ್ಚಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ನಮ್ಮ ಜಿಲ್ಲೆಯ ಕಾಲೇಜುಗಳ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ನಾಲ್ಕು ದಿನದಲ್ಲಿ ಮುಗಿಸಬಹುದಾದ ಕೆಲಸ ಅದು. ನಾನು ಜೊತೆಗೆ ಬರುತ್ತೇನೆ. ಭೂತಗನ್ನಡಿಯೂ ನೇಲ್ ಪಾಲಿಶ್ ಶೀಶೆಯೂ ನನ್ನ ಚೀಲದಲ್ಲಿ ಇನ್ನೂ ಇವೆ. ಮಧ್ಯಾಹ್ನ ಎರಡು ಗಂಟೆಗೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ, ಅದೇ ಕರಡದ ಅದೇ ಎಲೆಯನ್ನು ಅಧಿಕಾರಿಗಳು ತಮ್ಮ ಕೈಯಲ್ಲೇ ಹಿಡಿದು ನೋಡಲಿ, ಆಮೇಲೆ ಗುಂಡಿ ಎಲ್ಲಿ ತೋಡಬೇಕೆಂಬುದನ್ನು ಕುಳಿತು ಮಾತನಾಡೋಣ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ,
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ